ತನುಜಳ ಟೂಲ್‌ಚೈನು, ನನ್ನ ಸ್ವಿಚ್ಚು

ಟೂಲ್‌ಚೈನು ಎಂಬ ಮಾತು ಮೊದಲು ನನ್ನ ಕಿವಿಗೆ ಬಿದ್ದದ್ದು ನಾವು ಚಾಕಿ ಮನೆಯಿಂದ ರೇಷ್ಮೆಯ ಮರಿಹುಳು ತಂದ ದಿನ. ಶಿಡ್ಲಘಟ್ಟದ ನಮ್ಮ ಮನೆಯ ಮೇಲಿನ ಕೋಣೆಯನ್ನು ಬಾಡಿಗೆಗೆ ಕೇಳಿಕೊಂಡು ತನುಜ ಬಂದಿದ್ದಳು. ಸಾದಲಿಯ ಹುಡುಗಿ, ಇಪ್ಪತ್ತಾರು ವರ್ಷವಿದ್ದೀತು. ತಾಯಿ ಅಲ್ಲಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದರು. ನೀರು ಬರುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ಇವಳು ಕೇಳಿದ್ದು, ಹುಳುಮನೆಗೆ ಹಾಕಿಸಿದ ಇನ್ವರ್ಟರಿನ ಕರೆಂಟು ಮೇಲಕ್ಕೂ ಬರುತ್ತದೆಯೇ ಎಂದು. ಏನು ಕೆಲಸ ಎಂದೆ. ಟೂಲ್‌ಚೈನ್ ಕಟ್ಟೋದು ಎಂದಳು. ಸೈಕಲ್ ಶಾಪು ಇಡುತ್ತೀಯಾ ಎಂದರೆ ನಗುತ್ತಾ ಮೆಟ್ಟಿಲ ಮೇಲೇ ಕೂತುಬಿಟ್ಟಳು.

ನಮ್ಮ ಹುಳುಮನೆಯ ಗೋಡೆಯಲ್ಲಿ ಕಾವು, ತೇವ ತೋರಿಸುವ ಒಂದು ಡಬ್ಬಿ ಇದೆ. ನಮ್ಮ ರೇಷ್ಮೆ ಬೆಳೆಗಾರರ ಸಂಘದ ಮೂವತ್ತು ಮನೆಗಳಲ್ಲೂ ಅಂಥದ್ದೇ. ಮಾಡಿದ ಕಂಪನಿ ಮುಚ್ಚಿಹೋಗಿತ್ತು, ಡಬ್ಬಿಗಳು ಬಾಯಿಗೆ ಬಂದ ಲೆಕ್ಕ ಹೇಳುತ್ತಿದ್ದವು. ತನುಜ ಅದನ್ನು ತೋರಿಸಿ ಹೇಳಿದಳು:

"ಇದರ ಹೊಟ್ಟೇಲಿ ಪ್ರೋಗ್ರಾಂ ಹುಟ್ಟಿಸೋಷ್ಟು ಜಾಗ ಇಲ್ಲ ಅವ್ವ. ನೀವು ಚಾಕಿ ಮನೇಲಿ ಮರಿ ಮಾಡ್ಸಿ ಇಲ್ಲಿ ತಂದು ಮೇಯಿಸ್ತೀರಲ್ಲ, ಹಂಗೆ. ದೊಡ್ಡ ಕಂಪ್ಯೂಟರಲ್ಲಿ ಮಾಡಿ ಇದಕ್ಕೆ ತಂದು ಬಿಡ್ಬೇಕು. ಆ ಚಾಕಿ ಮನೇನ ಕ್ರಾಸ್ ಕಂಪೈಲರ್ ಅಂತಾರೆ. ಅದೂ ಅದರ ಜತೆ ಸಾಮಾನೂ ಸೇರಿದ್ರೆ ಟೂಲ್‌ಚೈನ್."

"ಹಂಗಾದ್ರೆ ನೀನು ಚಾಕಿ ಮನೆಯವಳು ಅನ್ನು."

"ಅದೂ ಅಲ್ಲ. ಚಾಕಿ ಮನೆ ಕಟ್ಟೋ ಮೇಸ್ತ್ರಿ ಇರ್ತಾನಲ್ಲ, ಅವನನ್ನ ತಯಾರು ಮಾಡೋಳು."

ಆ ಮೇಸ್ತ್ರಿಯೂ ಒಂದು ಪ್ರೋಗ್ರಾಮೇ. ಒಂದು ಮಾತು ಹೇಳಿದರೆ ಬೇಕಾದ ಚೂರುಗಳನ್ನೆಲ್ಲ ತಾನೇ ತಂದು, ಮೊದಲು ಅರ್ಧಂಬರ್ಧ ಕಂಪೈಲರು ಕಟ್ಟಿ, ಅದರಿಂದಲೇ ಮತ್ತೆ ಪೂರ್ತಿಯದನ್ನು ಕಟ್ಟುತ್ತದಂತೆ. ಎಲ್ಲೆಲ್ಲಿಯವರೋ ಬಳಸಲಿ ಎಂದು ಅದನ್ನು ನೆಟ್ಟಿನಲ್ಲಿ ಇಟ್ಟಿದ್ದಳು.

ನಾನು ಹಾಕಿದ ಷರತ್ತು ಒಂದೇ. ಸೊಳ್ಳೆಗೆಂದು ಗೋಡೆಗೆ ಸಿಕ್ಕಿಸುವ ಮಷೀನು ಕೂಡದು. ಹಿಂದಿನ ಬಾಡಿಗೆಯವನು ಅದನ್ನು ಹಚ್ಚಿ, ಆ ಘಾಟಿಗೆ ನಮ್ಮ ಒಂದು ಬೆಳೆ ಹುಳು ಪೂರ್ತಿ ಹಸಿರು ಕಕ್ಕಿಕೊಂಡು ಸತ್ತಿತ್ತು. ತನುಜ ಅಂದೇ ಸೊಳ್ಳೆಪರದೆ ಕಟ್ಟಿ, ಮೇಲೆ ಬಂದು ನೋಡಿ ಅವ್ವ ಎಂದು ಕರೆದಳು. ಮೊಣಕಾಲು ನೋಯುತ್ತದೆ ಎಂದು ನಾನು ಹತ್ತಲಿಲ್ಲ. ಅವಳು ಚಪ್ಪಲಿ ಕೆಳಗೇ ಬಿಡುತ್ತಿದ್ದಳು, ಹುಳುವಿಗೆ ಆಗದೆಂದು ಪೌಡರು ಹಾಕುತ್ತಿರಲಿಲ್ಲ. ಕಾಲಿನ ತುಂಬ ಸೊಳ್ಳೆ ಕಡಿದ ಗುರುತು. ನನ್ನ ಜೊತೆ ಕೂತು ಮುದ್ದೆ ಉಣ್ಣುವಾಗ ಅದನ್ನೇ ಕೆರೆದುಕೊಳ್ಳುತ್ತಿದ್ದಳು.

ಸಂಘದ ಬಯ್ಯಪ್ಪ ಅವಳಿಗೆ ಗಡುವು ಕೊಟ್ಟಿದ್ದರು. ಶುಕ್ರವಾರದ ಸಭೆಯಲ್ಲಿ ಒಂದು ಡಬ್ಬಿ ಸರಿಯಾಗಿ ಓಡಿಸಿ ತೋರಿಸಿದರೆ ಮೂವತ್ತೂ ಅವಳ ಕೈಗೆ. ಇಲ್ಲವಾದರೆ ಎಲ್ಲವನ್ನೂ ಕಿತ್ತು ಹೊಸವು. ಅದೊಂದು ಸಿಕ್ಕರೆ ಬೇರೆ ಊರಿಗೆ ಹೋಗಬೇಕಾಗಿಲ್ಲ ಅವ್ವ ಎಂದಿದ್ದಳು.

ಮಂಗಳವಾರ ಸಂಜೆ ಕಂಪ್ಯೂಟರನ್ನು ಕೆಲಸಕ್ಕೆ ಹಚ್ಚಿದಳು. ಹಳೆಯ ಕಂಪ್ಯೂಟರು, ಒಂದು ದಿನ ಪೂರ್ತಿ ಬಿಡದೆ ಓಡಬೇಕು, ಮಧ್ಯೆ ನಿಂತರೆ ಮೊದಲಿಂದ ಎಂದಳು. ಮಾರನೆಯ ದಿನ ಬಾಗಿಲು ಹಾಕಿಕೊಂಡು, ಯಾವುದೋ ತಂತಿ ತರಲು ಚಿಕ್ಕಬಳ್ಳಾಪುರಕ್ಕೆ ಹೋದಳು.

ಅವತ್ತು ಹುಳು ಹಣ್ಣಾಗಿ ಗೂಡು ಕಟ್ಟಲು ಎರಡೇ ದಿನ ಬಾಕಿ. ಸೊಪ್ಪು ಹಾಕಲು ಬರುವ ಕೊಂಡಮ್ಮ ಮಾಳಿಗೆಯ ಮೇಲೆ ಗೋಣಿತಾಟು ಒಣಹಾಕಿ ಬಂದವಳು, ಆ ಹುಡುಗಿಯ ಕೋಣೆಯಲ್ಲಿ ಕೆಂಪು ದೀಪ ಉರೀತಿದೆ, ಸೊಳ್ಳೆ ಮಷೀನೇ ಇರಬೇಕು ಎಂದು ತೆಲುಗಿನಲ್ಲಿ ಹೇಳಿ ಹೋದಳು. ನನಗೆ ಹಳೆಯ ಬೆಳೆ ಕಣ್ಣಿಗೆ ಬಂತು. ತನುಜಳಿಗೆ ಫೋನು ಮಾಡಬಹುದಿತ್ತು. ಕಿಟಕಿಯಲ್ಲಿ ಮೂಗಿಟ್ಟು ನೋಡಬಹುದಿತ್ತು. ಎರಡೂ ಮಾಡದೆ, ಮೆಟ್ಟಿಲ ಕೆಳಗಿದ್ದ ಮೇಲಿನ ಕೋಣೆಯ ಮೇನ್ ಸ್ವಿಚ್ಚನ್ನು ಇಳಿಸಿದೆ. ಮಧ್ಯಾಹ್ನ ಊಟವಾದ ಮೇಲೆ, ಅವಳು ಬರುವ ಹೊತ್ತಾಯಿತು, ಬಂದ ಕೂಡಲೇ ಮಷೀನು ಕೀಳಿಸೋಣ ಎಂದು ಏರಿಸಿದೆ.

ಸಂಜೆ ಅವಳು ಬಂದಾಗ, ಬಯ್ಯಬೇಕೆಂದೇ ಮೊಣಕಾಲು ಹಿಡಿದುಕೊಂಡು ಹಿಂದೆಯೇ ಹತ್ತಿದೆ. ಕೋಣೆಯಲ್ಲಿ ಸೊಳ್ಳೆ ಮಷೀನು ಎಲ್ಲೂ ಇರಲಿಲ್ಲ. ಮಂಚಕ್ಕೆ ಪರದೆ ಕಟ್ಟಿತ್ತು. ತನುಜ ಆರಿಹೋಗಿದ್ದ ಕಂಪ್ಯೂಟರಿನ ಗುಂಡಿ ಒತ್ತಿದಳು, ಅದರ ಮುಂಭಾಗದಲ್ಲಿ ಕೆಂಪು ದೀಪ ಹತ್ತಿಕೊಂಡಿತು.

"ಅವ್ವ, ಕರೆಂಟ್ ಹೋಗಿತ್ತಾ?"

"ಇಲ್ಲಮ್ಮ. ಕೆಳಗೆ ಫ್ಯಾನ್ ತಿರುಗ್ತಾನೇ ಇತ್ತಲ್ಲ."

ಫ್ಯಾನು ತಿರುಗುತ್ತಿದ್ದದ್ದು ನಿಜ. ಆ ನಿಜವನ್ನು ಹಿಡಿದುಕೊಂಡು ಸುಳ್ಳು ಹೇಳಿದೆ. ತಪ್ಪು ಮಾಡಿದೆ ಎನ್ನುವುದಕ್ಕಿಂತ, ಅಷ್ಟು ಸೊಳ್ಳೆ ಕಡಿಸಿಕೊಂಡು ಮಾತು ಉಳಿಸಿಕೊಂಡವಳನ್ನು ನಂಬಲಿಲ್ಲ ಎಂದು ಹೇಳುವುದೇ ಕಷ್ಟವಾಯಿತು.

ಅವಳು ನನ್ನನ್ನು ನಂಬಿದಳು. ಕರೆಂಟು ಹೋಗಿಲ್ಲವಾದರೆ ಯಂತ್ರವೇ ಕಾವು ತಾಳದೆ ನಿಂತಿದೆ, ತನ್ನ ಮೇಸ್ತ್ರಿ ಅದರ ಕೈಲಿ ಅತಿಯಾಗಿ ದುಡಿಸುತ್ತಿದ್ದಾನೆ ಎಂದು ತೀರ್ಮಾನಿಸಿದಳು. ಕಂಪ್ಯೂಟರು ಒಟ್ಟಿಗೆ ನಾಲ್ಕು ಕೈಯಲ್ಲಿ ಮಾಡುತ್ತಿದ್ದ ಕೆಲಸವನ್ನು ಒಂದೇ ಕೈಯಲ್ಲಿ ಮಾಡುವ ಹಾಗೆ ಬದಲಾಯಿಸಿದಳು. ಮೊದಲಿನಂತೆಯೇ ಹಚ್ಚಿದ್ದರೆ ಗುರುವಾರ ಸಂಜೆಗೆ ಮುಗಿಯುತ್ತಿತ್ತು. ಈಗ ಮುಗಿದದ್ದು ಭಾನುವಾರ. ಒಂದು ಮಾತು ಹೇಳಲು ನನಗೆ ಬುಧವಾರ ರಾತ್ರಿಯೂ ಇತ್ತು, ಗುರುವಾರವೂ ಇತ್ತು.

ಶುಕ್ರವಾರದ ಸಭೆಯಲ್ಲಿ ಅವಳು, ತಪ್ಪು ನನ್ನದೇ, ನನ್ನ ಕೆಲಸ ಯಂತ್ರಕ್ಕೆ ಭಾರವಾಯಿತು ಎಂದಳಂತೆ. ಬಯ್ಯಪ್ಪ ಹೊಸ ಡಬ್ಬಿಗೆ ಹೇಳಿಬಿಟ್ಟರು. ನಮ್ಮ ಹುಳು ಅದೇ ದಿನ ಹಣ್ಣಾಗಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆ ಹತ್ತಿತು. ಮೂರು ದಿನಕ್ಕೆ ಒಳ್ಳೆಯ ಗೂಡು. ತನುಜ ಬಂದು, ಬೆಳ್ಳಗೆ ಚೆನ್ನಾಗಿ ಕಟ್ಟಿವೆ ಅವ್ವ ಎಂದಳು. ನಾನು ಸೊಪ್ಪಿನ ಕಡ್ಡಿ ಗುಡಿಸುತ್ತಲೇ ಇದ್ದೆ.

ಎರಡು ತಿಂಗಳಿಗೆ ಚಿಂತಾಮಣಿಯಲ್ಲಿ ಮೊಬೈಲ್ ರಿಪೇರಿ ಕಲಿಸುವ ಕೆಲಸ ಸಿಕ್ಕಿತೆಂದು ಕೋಣೆ ಬಿಟ್ಟಳು. ಹೋಗುವ ಮುಂಚೆ ಒಮ್ಮೆ ಹೇಳಿದ್ದಳು, ನೆಟ್ಟಿನಲ್ಲಿ ಇಟ್ಟ ಮೇಸ್ತ್ರಿಯ ಜೊತೆ ಒಂದು ಎಚ್ಚರಿಕೆ ಬರೆದಿದ್ದೇನೆ, ಪೂರ್ತಿ ವೇಗದಲ್ಲಿ ಓಡಿಸಿದರೆ ಯಂತ್ರ ನಿಂತುಹೋಗಬಹುದು ಎಂದು. ಕಂಡು ಕೇಳರಿಯದ ಊರಿನವರೆಲ್ಲ ನನ್ನ ಸುಳ್ಳನ್ನು ಓದಿ, ಒಂದು ದಿನದ ಕೆಲಸವನ್ನು ನಾಲ್ಕು ದಿನ ಮಾಡುತ್ತಿದ್ದರು.

ಹೋದ ತಿಂಗಳು ಫೋನು ಮಾಡಿದಳು. ಹಾಲು ಉಕ್ಕುತ್ತಿದೆ ಎಂದು ನೆಪ ಹೇಳಿ ಇಟ್ಟುಬಿಟ್ಟೆ. ಆಮೇಲೆ ಅವಳು ಮಾಡಿಲ್ಲ, ನಾನೂ ಮಾಡಿಲ್ಲ. ಅವಳು ಕೇಳಿದ್ದು ಇಷ್ಟು:

"ಅದೇ ಕಂಪ್ಯೂಟರನ್ನ ಪೂರ್ತಿ ವೇಗದಲ್ಲಿ ನಾಲ್ಕು ಸಲ ಓಡಿಸಿದೆ ಅವ್ವ, ಒಂದು ಸಲಾನೂ ನಿಲ್ಲಲಿಲ್ಲ. ಬೇಜಾರು ಮಾಡ್ಕೊಳಲ್ಲ ನಾನು, ಬರೆದಿರೋ ಎಚ್ಚರಿಕೆ ಅಳಿಸ್ಬೇಕೋ ಬೇಡ್ವೋ ಗೊತ್ತಾಗ್ಬೇಕು ಅಷ್ಟೇ. ಆ ಬುಧವಾರ ಮೇಲಿನ ಸ್ವಿಚ್ಚು ಯಾರಾದ್ರೂ ಮುಟ್ಟಿದ್ರಾ?"