ಸುಮಿತ್ರಕ್ಕನ ಪಂಚಮಿ

ಗಂಡ ತೀರಿದಾಗಲೂ ತೆಗೆಯದ ಹಸಿರು ಬಳೆಗಳನ್ನು ಸುಮಿತ್ರಕ್ಕ ದಿನಾ ಮಧ್ಯಾಹ್ನ ಮೈಕಿಗಾಗಿ ತೆಗೆಯುತ್ತಿದ್ದರು. ಸ್ಟುಡಿಯೋದ ಬಾಗಿಲಲ್ಲಿ ನಿಂತು ಒಂದೊಂದಾಗಿ ಕಳಚಿ ನನ್ನ ಮೇಜಿನ ಮೇಲಿಟ್ಟು, "ಶೈಲಾ, ಇವನ್ನ ನೋಡ್ಕೊ. ಮಂದಿಗೆ ನನ್ನ ಮಾತು ಕೇಳಸ್ಬೇಕು, ಬಳಿ ಸಪ್ಪಳ ಅಲ್ಲ" ಎನ್ನುತ್ತಿದ್ದರು. ಮೊದಲ ಸಲ ಇದನ್ನು ಕಂಡ ಕಚೇರಿಯ ಹಿರಿಯರೊಬ್ಬರು, "ಹೆಣ್ಣಮಕ್ಕಳು ಬರಿಗೈಲೆ ಕುಂದರಬಾರದ್ರೀ" ಎಂದರು. ಸುಮಿತ್ರಕ್ಕ ತಿರುಗಿ ನಿಂತರು. "ಗಂಡ ಸತ್ತಾಗ ಹಾಕ್ಕೋಬ್ಯಾಡ ಅಂದ್ರಿ, ಈಗ ತಗೀಬ್ಯಾಡ ಅಂತೀರಿ. ಮೊದ್ಲ ಒಂದಽ ಮಾತಿಗೆ ನಿಂದರ್ರಿ!" ಆ ಮನುಷ್ಯ ಆಮೇಲೆ ಅವರ ತಂಟೆಗೆ ಹೋಗಲಿಲ್ಲ.

ಬೆಳಗಾವಿಯ ನಮ್ಮ ಸಣ್ಣ ರೇಡಿಯೋ ಕೇಂದ್ರದಲ್ಲಿ ನಾನು ಧ್ವನಿಮುದ್ರಣ ನೋಡಿಕೊಳ್ಳುವವಳು, ಅವರು ಮಹಿಳೆಯರ ಕಾರ್ಯಕ್ರಮ ನಡೆಸುವವರು. ಹಿಂಡಲಗಾದಲ್ಲಿ ಅವರದು ಎರಡು ಕೋಣೆಯ ಬಾಡಿಗೆ ಮನೆ. ಮಕ್ಕಳಿರಲಿಲ್ಲ. ತನ್ನವರು ಅಂತ ಇದ್ದದ್ದು ಖಾನಾಪುರದ ತಮ್ಮ ಒಬ್ಬನೇ. ಊಟದ ಡಬ್ಬಿ ಬಿಚ್ಚಿದರೂ ಕೇಳುಗರ ಕಾಗದ ಓದುತ್ತಲೇ ಉಣ್ಣುತ್ತಿದ್ದರು. ಖಾನಾಪುರದ ಕಡೆಯ ಕಾಗದಗಳು ಅರ್ಧ ಕನ್ನಡ, ಅರ್ಧ ಮರಾಠಿ. ಕೆಳಗೆ ಹೆಸರಿನ ಬದಲು 'ಒಬ್ಬ ಸೊಸೆ' ಎಂದಿರುತ್ತಿತ್ತು. ಅದನ್ನು ಕಂಡರೆ ಅವರಿಗೆ ಮೈ ಉರಿಯುತ್ತಿತ್ತು. "ಹೆಸರ ಬರೀರೆವ್ವಾ! ನಿಮ್ಮ ಹೆಸರಿಗೇನು ಹುಳ ಹತ್ತೇತೇನು?" ಎಂದು ಮೈಕಿನಲ್ಲೇ ಗದರಿದರು. ಮೆಲ್ಲಮೆಲ್ಲಗೆ ಹೆಸರುಗಳು ಬರತೊಡಗಿದವು. ಎದುರಿಗೇ ಕೂತ ನನಗೂ ಆ ದನಿ ಕೇಳಿದರೆ ಧೈರ್ಯ ಬರುತ್ತಿತ್ತು.

ತವರಿನ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಇದೆ ಎಂಬುದನ್ನು ಅವರು ವಾರಗಟ್ಟಲೆ ಹೇಳಿದರು. "ತವರವರು ಕಾಗದ ಮುಂದಿಟ್ರ ಸುಮ್ಮಽ ಸಹಿ ಮಾಡಬ್ಯಾಡ್ರಿ." ಹಕ್ಕು ಬಿಟ್ಟುಕೊಟ್ಟೆ ಎಂದು ಸಹಿ ಹಾಕಿ, ಉಡಿ ತುಂಬಿಸಿಕೊಂಡು, ಕಣ್ಣೊರೆಸಿಕೊಂಡು ಬರುವುದು ನಮ್ಮ ಕಡೆ ಹೊಸತೇನಲ್ಲ. ಒಂದು ಶ್ರಾವಣದಲ್ಲಿ, ನಾಗಪಂಚಮಿ ಮುಗಿದ ಮರುವಾರ, ಗುಂಜಿಯಿಂದ ಲಕ್ಷ್ಮವ್ವ ಎಂಬ ಹೆಂಗಸು ರೈಲು ಹತ್ತಿ ನಮ್ಮ ಕೇಂದ್ರಕ್ಕೆ ಬಂದಳು. ಕೈಯಲ್ಲಿ ಡಬ್ಬಿ ತುಂಬ ಶೇಂಗಾ ಉಂಡಿ.

"ನಿಮ್ಮ ಮಾತು ಕೇಳಿ ಸಹಿ ಮಾಡಲಿಲ್ರೀ ಅಕ್ಕಾರ. ಅದಕ್ಕಽ ಈ ಸಲ ಅಣ್ಣ ಕರಿಯಾಕ ಬರಲಿಲ್ಲ. ತವರಿಗಂತ ಕಟ್ಟಿದ ಉಂಡಿ, ನಿಮಗ ತಂದೇನಿ. ನಾ ಮಾಡಿದ್ದು ತಪ್ಪೇನ್ರಿ?"

ಪಂಚಮಿಗೆ ಅಣ್ಣನೋ ತಮ್ಮನೋ ಬಂದು ಕರೆದೊಯ್ಯದಿದ್ದರೆ ಹೆಣ್ಣಿಗೆ ತವರು ತಪ್ಪಿದಂತೆಯೇ. ಸುಮಿತ್ರಕ್ಕ "ತಪ್ಪಲ್ಲವ್ವಾ" ಎಂದರು, ಅಷ್ಟೇ. ಉಂಡಿಯನ್ನು ಮುಟ್ಟಲಿಲ್ಲ. ಲಕ್ಷ್ಮವ್ವ ಹೋದ ಮೇಲೆ ನನ್ನತ್ತ ತಿರುಗಿ, "ಶೈಲಾ, ನಾ ಸಹಿ ಮಾಡೀನಿ. ಅಪ್ಪ ತೀರಿದ ವರ್ಷಽ ಮಾಡೀನಿ. ಅದಕ್ಕಽ ನನ್ನ ತಮ್ಮ ತಪ್ಪದಽ ಕರಿಯಾಕ ಬರ್ತಾನ" ಎಂದರು.

ನನಗೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. "ಹಂಗಾರ ಮಂದಿಗ್ಯಾಕ ಹೇಳ್ತೀರಿ?" ಎಂದುಬಿಟ್ಟೆ. ನನ್ನ ನಾಲಿಗೆಗೆ ಮೊದಲೇ ಕಡಿವಾಣವಿಲ್ಲ. ಅವರು ಬಳೆ ಏರಿಸಿಕೊಂಡು ಮನೆಗೆ ಹೋದರು.

ಉತ್ತರ ಮರುದಿನ ನೇರ ಪ್ರಸಾರದಲ್ಲೇ ಬಂತು. ಬರೆದು ತಂದಿದ್ದ ಹಾಳೆ ಪಕ್ಕಕ್ಕಿಟ್ಟು, "ಗುಂಜಿಯ ತಂಗಿ ಒಬ್ಬಾಕಿ ಮಾಡಿದ್ದು ನನಗ ಆಗಲಿಲ್ರೆವ್ವಾ" ಎಂದು ಸುಮಿತ್ರಕ್ಕ ಶುರು ಮಾಡಿದರು. "ತವರು ತಪ್ಪತೈತಿ ಅಂತ ಅಂಜಿ ಸಹಿ ಮಾಡಿದಾಕಿ ನಾನು. ನನ್ನಂಗ ನೀವು ಅಂಜಬ್ಯಾಡ್ರಿ." ಖಾನಾಪುರದ ತನ್ನ ಅಂಗಡಿಯಲ್ಲಿ ರೇಡಿಯೋ ಹಾಕಿಕೊಂಡಿದ್ದ ಅವರ ತಮ್ಮ, ಗಿರಾಕಿಗಳ ಎದುರಿಗೇ ಇದನ್ನೆಲ್ಲ ಕೇಳಿದನಂತೆ.

ಮುಂದಿನ ಪಂಚಮಿಗೆ ಅವನು ಬರಲಿಲ್ಲ. ಅಂದು ನಾನು ಹಿಂಡಲಗಾಕ್ಕೆ ಹೋದಾಗ ಬಾಗಿಲ ಪಕ್ಕದಲ್ಲಿ ಬಟ್ಟೆ ತುಂಬಿದ ಚೀಲವಿತ್ತು. "ಬಸ್ಸು ತಡಾ ಆಗಿರಬೇಕು" ಎಂದರು. ಮಧ್ಯಾಹ್ನವಾಯಿತು. ಎರಡು ದಿನ ಮೊದಲೇ ಧ್ವನಿಮುದ್ರಿಸಿಟ್ಟಿದ್ದ ಹಬ್ಬದ ಕಾರ್ಯಕ್ರಮ ರೇಡಿಯೋದಲ್ಲಿ ಬಂತು, ಅವರದೇ ದನಿ: "ಕರಿಯಾಕ ಯಾರೂ ಬರದಿದ್ರ ನೀವಽ ಹೋಗ್ರಿ. ಅದು ನೀವು ಹುಟ್ಟಿದ ಮನಿ." ಸುಮಿತ್ರಕ್ಕ ರೇಡಿಯೋವನ್ನೇ ದಿಟ್ಟಿಸಿ, "ಹೇಳೂದೇನು, ಭಾಳ ಸಸಾರ ಐತಿ ಈಕಿಗೆ" ಎಂದು ನಕ್ಕರು. ಆಮೇಲೆ ಚೀಲ ಎತ್ತಿಕೊಂಡರು. ನಾನೇ ಹೋಗಿ ಖಾನಾಪುರದ ಬಸ್ಸು ಹತ್ತಿಸಿದೆ.

ಅದೇ ಸಂಜೆ ವಾಪಸ್ಸು ಬಂದಿದ್ದರು. "ಕುರ್ಚಿ ಹಾಕಿದ್ರು, ಚಾ ಕೊಟ್ರು. ಒಳಗ ಬಾ ಅಂತ ಒಬ್ಬರೂ ಅನ್ನಲಿಲ್ಲ. ನಮ್ಮವ್ವನ ಒಲಿ ಸೈತ ನೋಡದಽ ಬಂದೆ" ಎಂದು ಮರುದಿನ ಹೇಳುವಾಗ ಅತ್ತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಇನ್ನು ರೇಡಿಯೋದಲ್ಲಿ ಆ ಆಸ್ತಿಯ ಮಾತೆಲ್ಲ ಹೇಳುವುದು ಬಿಡಿ ಎಂದೆ.

"ಖರೇ ಐತಲ್ಲ, ಹೇಳಾಕಽ ಬೇಕು. ಇಷ್ಟು ಒಬ್ಬಾಕಿ ಆಗ್ತೀನಿ ಅಂತ ಗೊತ್ತಿರಲಿಲ್ಲ ನೋಡು" ಎಂದರು. ಹೇಳುತ್ತಲೇ ಇದ್ದರು.

ಆ ಮಾಘದಲ್ಲಿ ಎರಡೇ ದಿನದ ಜ್ವರಕ್ಕೆ ಹೋಗಿಬಿಟ್ಟರು. ಮಣ್ಣಿಗೆ ತಮ್ಮ ಬಂದಿದ್ದ, ಮುಗಿದೊಡನೆ ಊರ ಬಸ್ಸು ಹತ್ತಿದ. ಈ ವರ್ಷ ಪಂಚಮಿಯ ಹಿಂದಿನ ದಿನ ಅವನೇ ನಮ್ಮ ಕೇಂದ್ರವನ್ನು ಹುಡುಕಿಕೊಂಡು ಬಂದ.

"ಅಕ್ಕನ ದನಿ ಇದ್ರ ಕೊಡ್ರೀ ಬಾಯಾರ. ನಾಳೆ ಮನ್ಯಾಗ ಹಚ್ಚತೇನಿ. ಅವತ್ತ ಆಕಿ ತಾನಾಗೇ ಬಂದಿದ್ಲು, ನಾ ಮಾತಾಡಿಸಲಿಲ್ಲ."

ಜಾಗ ಸಾಲದೆಂದು ಹಳೆಯ ಧ್ವನಿಮುದ್ರಿಕೆಗಳನ್ನು ಮೂರು ತಿಂಗಳಿಗೊಮ್ಮೆ ಅಳಿಸುವುದು ನಮ್ಮಲ್ಲಿನ ಪದ್ಧತಿ. ಅದು ನನ್ನ ಕೆಲಸ. ಕಂಪ್ಯೂಟರಿನಲ್ಲಿ ಸುಮಿತ್ರಕ್ಕನ ಹೆಸರಿನ ಫೋಲ್ಡರ್ ತೆರೆದೆ, ಒಳಗೆ ಏನೂ ಇರಲಿಲ್ಲ. "ಇನ್ನೊಮ್ಮೆ ನೋಡ್ರೀ, ಎಲ್ಲೆರ ಇದ್ದೀತು" ಎಂದ. ಅಳಿಸಿದವಳು ನಾನೇ ಎಂದು ಹೇಳುವ ಧೈರ್ಯವಾಗದೆ, ಅವನೆದುರು ಸಂಜೆಯವರೆಗೂ ಹುಡುಕುತ್ತ ಕುಳಿತೆ.