ಏರಿನಲ್ಲಿ ಉಸಿರುಗಟ್ಟಿದ ಕಾರು

ಕಾರಿನ ಮುಂಫಲಕದಲ್ಲಿ ಇಂಜಿನ್ನಿನ ಆಕಾರದ ಹಳದಿ ದೀಪವೊಂದಿರುವುದನ್ನು ನೀವೂ ಕಂಡಿರಬಹುದು. ಅದು ಉರಿದರೆ ಏನೋ ಕೆಟ್ಟಿದೆ ಎಂದರ್ಥ, ಏನೆಂಬುದನ್ನು ಮಾತ್ರ ಅದು ಹೇಳುವುದಿಲ್ಲ. ನಮ್ಮ ದೇವರ ಮನೆಯ ನಂದಾದೀಪವಾದರೂ ಎಣ್ಣೆ ತೀರಿ ಆರುವುದುಂಟು. ಈ ದೀಪ ಕೆಲವು ವಾರಗಳಿಂದ ಅಖಂಡವಾಗಿ ಬೆಳಗುತ್ತಿತ್ತು.

ಅದರ ಫಲ ಉಂಡವಳು ನನ್ನ ಹೆಂಡತಿ ಶಾರದೆ. ದೂರವಾಣಿ ಕಚೇರಿಯಲ್ಲಿ ಲೈನುಗಳನ್ನು ಪರೀಕ್ಷಿಸುವ ಕೆಲಸದಿಂದ ನಿವೃತ್ತಳಾದ ಮೇಲೆ, ನಮ್ಮ ಬಡಾವಣೆಯಾದ ವಿಜಯನಗರದ ಅಡ್ಡರಸ್ತೆಗಳಲ್ಲಿ ಹಟದಿಂದ ಕಾರು ಕಲಿತವಳು. ಒಂದು ಬೆಳಗ್ಗೆ ನಾಯಂಡಹಳ್ಳಿಯ ಮೇಲ್ಸೇತುವೆಯ ಏರಿನಲ್ಲಿ ಕಾರು ಉಸಿರುಗಟ್ಟಿದಂತೆ ತೆವಳತೊಡಗಿತು. ಹಿಂದಿನಿಂದ ಬಸ್ಸು ಹಾರ್ನ್ ಬಾರಿಸಿತು; ಪಕ್ಕದಿಂದ ನಾನು ಗೇರು, ಕ್ಲಚ್ಚುಗಳ ಕುರಿತು ಪ್ರವಚನ ಮಾಡಿದೆ. ಮನೆ ತಲುಪಿದ ಮೇಲೆ ಅವಳು, "ಇನ್ಮೇಲೆ ನೀವೇ ಓಡಿಸ್ಕೊಳ್ರೀ, ನನಗಾಗಲ್ಲ" ಎಂದಳು. ಅದರಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ನನಗೆಷ್ಟೋ ಸಮಾಧಾನವಾಗುತ್ತಿತ್ತು.

ಮೆಕ್ಯಾನಿಕ್ ಮಂಜಣ್ಣ ಸ್ಕ್ಯಾನರ್ ಸಿಕ್ಕಿಸಿ, ಟರ್ಬೊ ಬೂಸ್ಟ್ ಸೆನ್ಸರಿನ ಸರ್ಕ್ಯೂಟಿನಲ್ಲಿ ದೋಷವಿದೆಯೆಂದ. ಟರ್ಬೊ ಎಂಬುದು ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಯಂತ್ರ. ಆ ಒತ್ತಡವೆಷ್ಟೆಂದು ಕಾರಿನ ಕಂಪ್ಯೂಟರಿಗೆ ವರದಿ ಒಪ್ಪಿಸುವುದು ಸೆನ್ಸರ್. ವರದಿ ಬಾರದಿದ್ದರೆ ಕಂಪ್ಯೂಟರು, ಜಾಗರೂಕ ಅಧಿಕಾರಿಗಳೆಲ್ಲರಂತೆ, ಮಂಜೂರಾಗಬೇಕಾದ ಶಕ್ತಿಯನ್ನೇ ತಡೆಹಿಡಿಯುತ್ತದೆ. ಮಂಜಣ್ಣ ಸೆನ್ಸರ್ ಬದಲಿಸಿದ. ದೀಪ ಕೆಲಕಾಲ ವ್ರತ ಹಿಡಿದಂತೆ ಆರಿದ್ದು, ಮತ್ತೆ ಬೆಳಗಿತು. ಶಾರದೆಯನ್ನೂ ಕರೆದುಕೊಂಡು ಗ್ಯಾರೇಜಿಗೆ ಮರಳಿ ಹೋದಾಗ ಅವನು ನನಗೆ ಗುಟ್ಟಾಗಿ, "ಅಮ್ಮ ಕಾಲು ಪೂರ್ತಿ ತೆಗೀದೆ ಹಾಫ್ ಕ್ಲಚ್ಚಲ್ಲೇ ಎಳೀತಾರೆ ಅನ್ಸುತ್ತೆ ಸಾರ್" ಎಂದದ್ದು ಅರ್ಧ ಬೀದಿಗೆ ಕೇಳಿಸಿತು.

ಶಾರದೆ ಕುರ್ಚಿಯಿಂದೆದ್ದು ಬಂದಳು. "ಫೋನ್ ಸತ್ತಿದೆ ಅಂತ ಕಂಪ್ಲೇಂಟ್ ಬಂದ್ರೆ ನಾವು ಮೊದ್ಲು ಲೈನ್ ನೋಡ್ತಿದ್ವಿ ಮಂಜಣ್ಣ. ನೀವು ಫೋನ್ ಬದಲಾಯಿಸಿದ್ರಿ, ಸರಿಹೋಗ್ಲಿಲ್ಲ. ಈಗ ಫೋನ್ ಹಿಡ್ಕೊಂಡೋರ್ನ ಬೈತಾ ಇದೀರ."

ವೈರಿನಲ್ಲಿ ಕರೆಂಟು ಹರಿಯುತ್ತಿದೆಯೇ ಎಂದು ತೋರಿಸುವ ಮೀಟರು ಬಂತು. ಸೆನ್ಸರಿಗೆ ಹೋಗುವ ವೈರುಗಳನ್ನು ಅವಳು ಮಗುವಿನ ಕಿವಿ ಹಿಂಡುವಂತೆ ಮೆಲ್ಲಗೆ ಅಲ್ಲಾಡಿಸಿದಾಗಲೆಲ್ಲ ಮೀಟರಿನ ಅಂಕಿ ಕುಸಿಯಿತು. ವೈರು ಸೆನ್ಸರಿಗೆ ಕೂಡುವ ಕನೆಕ್ಟರ್ ಬಿಚ್ಚಿದರೆ ಪಿನ್ನಿಗೆ ಹಸಿರು ಕಿಲುಬು, ಸುತ್ತ ಕೆಂಪಗೆ ಗಟ್ಟಿಯಾದ ಕುಂಕುಮ. ಆಯುಧಪೂಜೆಗೆ ಬಾನೆಟ್ ಎತ್ತಿ, ಇಂಜಿನ್ನಿಗೆ ಕೊಡಗಟ್ಟಲೆ ನೀರೆರೆದು, ಅರಿಸಿನ ಕುಂಕುಮ ಕಲಸಿ ಕೈಗೆಟುಕಿದ್ದಕ್ಕೆಲ್ಲ ಹಚ್ಚುವುದು ನಮ್ಮ ಮನೆಯ ಪದ್ಧತಿ. ಹಚ್ಚಿದವನು ನಾನು, ಒಳಗಿನದಕ್ಕೂ ಹಚ್ಚಿ ಎಂದವಳು ಅವಳು.

"ಪೂಜೆ ಸ್ವಲ್ಪ ಆಳಕ್ಕೇ ಮುಟ್ಟಿದೆ ಅಮ್ಮ" ಎಂದ ಮಂಜಣ್ಣ, ಪಿನ್ ಬದಲಿಸುತ್ತ. ಶಾರದೆ ನಗಲಿಲ್ಲ. ಸೆನ್ಸರನ್ನು ಶಂಕಿಸಿದೆವು, ಕ್ಲಚ್ಚನ್ನು ಶಂಕಿಸಿದೆವು, ಅವಳ ಕಾಲನ್ನೂ ಶಂಕಿಸಿದೆವು. ಭಕ್ತಿಯನ್ನು ಶಂಕಿಸುವುದು ಯಾರಿಗೂ ಹೊಳೆದಿರಲಿಲ್ಲ. ಆದರೆ ಇಷ್ಟು ದಿನ ತನ್ನ ಮೇಲೆ ಅವಳಿಗೇ ಹುಟ್ಟಿದ್ದ ಶಂಕೆಗೆ ಯಾವ ಅಂಗಡಿಯಲ್ಲೂ ಪಿನ್ನು ಸಿಗುವುದಿಲ್ಲವೆಂದು ನನಗೆ ಆಗ ಹೊಳೆಯಿತು.

ಹೊರಡುವಾಗ ನಾನು ಕೇಳದೆ ಎಡಗಡೆಯ ಸೀಟಿನಲ್ಲಿ ಕುಳಿತೆ. ಅವಳು ಸ್ವಲ್ಪ ಹೊತ್ತು ಹೊರಗೇ ನಿಂತಿದ್ದು, ಒಳಬಂದು ಸ್ಟಾರ್ಟ್ ಮಾಡಿದಳು. ಮೇಲ್ಸೇತುವೆಯ ಏರನ್ನು ಕಾರು ಒಂದೇ ಉಸಿರಿಗೆ ಹತ್ತಿತು. ಇಳಿದ ಮೇಲೆ ಮನೆಯ ತಿರುವು ಬಂತು. ಅವಳು ತಿರುಗಿಸಲಿಲ್ಲ, ನಮಗೆ ಯಾವ ಕೆಲಸವೂ ಇಲ್ಲದ, ಊರಂಚಿನ ಉಲ್ಲಾಳದ ಕಡೆಗೆ ನೇರ ಹೊರಟಳು. ದಾರಿ ತಪ್ಪಿತೆಂದು ನಾನು ಹೇಳಲಿಲ್ಲ; ತಪ್ಪಿರಲಿಲ್ಲ.