ಸಾಕೆಟ್ಟಿಗಿಟ್ಟ ಕುಂಕುಮ

ಆ ದಿನ ಮಧ್ಯಾಹ್ನದೊಳಗೆ ನಾವು ನಮ್ಮೂರು ವಿಕ್ಸಮ್ ಬಿಡಬೇಕಿತ್ತು. ಒಳಗೇ ಅಡುಗೆ, ಊಟ, ನಿದ್ದೆ ಎಲ್ಲ ಆಗುವ ನಮ್ಮ ಮೋಟರ್‌ಹೋಮಿನ ಊಟದ ಮೇಜಿನ ಮೇಲೆ ನನ್ನ ಗಂಡನ ಅಸ್ಥಿಯಿದ್ದ ಸ್ಟೀಲ್ ಡಬ್ಬಿ. ಬೇಸಿಗೆಗೊಮ್ಮೆ ಅವರು ನಮ್ಮನ್ನು ಕರೆದೊಯ್ಯುತ್ತಿದ್ದ ಉತ್ತರದ ಸರೋವರದಲ್ಲೇ ಅದನ್ನು ಬಿಡುವುದೆಂದು ಮಗಳು ಪ್ಲೇನ್‌ಫೀಲ್ಡ್‌ನಿಂದ ಬಂದಿದ್ದಳು. ಹೊರಡುವ ಹೊತ್ತಿಗೆ, ಹಿಂದೆ ಕಟ್ಟಿಕೊಂಡು ಹೋಗುವ ಚಿಕ್ಕ ಕಾರಿನ ಹಿಂದೀಪಗಳು ಕೈಕೊಟ್ಟವು. ಮೋಟರ್‌ಹೋಮಿನ ಬ್ರೇಕ್ ಒತ್ತಿದರೆ ಎರಡೂ ಮಂಕಾಗಿ ಮಿಣುಕಿ ಆರುತ್ತಿದ್ದವು. ಹಾಗೇ ಎಳೆದುಕೊಂಡು ಹೈವೇಗೆ ಇಳಿಯುವಂತಿಲ್ಲ. ಕಾರು ಬಿಟ್ಟು ಹೋಗೋಣವೆಂದರೆ ಸರೋವರದ ದಂಡೆಯ ಮಣ್ಣುದಾರಿಯಲ್ಲಿ ಮೋಟರ್‌ಹೋಮ್ ನುಗ್ಗುವುದಿಲ್ಲ.

ನನಗೋ ಒಳಗೊಳಗೇ ಸಮಾಧಾನ. ಕೆಟ್ಟರೆ ಕೆಡಲಿ, ಇವತ್ತು ಹೋಗುವುದೇ ಬೇಡ ಅಂತ. ಆದರೆ ಕೈಕಟ್ಟಿ ಕೂರುವ ಜಾಯಮಾನ ನನ್ನದಲ್ಲ. ಬಲ್ಬು ಬದಲಾಯಿಸಿದೆ. ಬಂಪರ್ ಕೆಳಗೆ ಮಲಗಿ ವೈರು ಎಲ್ಲಾದರೂ ಸವೆದಿದೆಯೇ ಎಂದು ನೋಡಿದೆ. ನನ್ನ ಗಂಡ ಸ್ಟರ್ಲಿಂಗ್ ಹೈಟ್ಸ್‌ನ ಕಾರ್ಖಾನೆಯಲ್ಲಿ ವೈರಿಂಗ್ ಎಂಜಿನಿಯರಾಗಿದ್ದವರು. ಎಲ್ಲ ದೀಪವೂ ಒಟ್ಟಿಗೆ ಮಂಕಾದರೆ ಮೊದಲು ಅರ್ಥ್ ನೋಡಬೇಕು, ಎಲ್ಲದರ ಕರೆಂಟೂ ವಾಪಸು ಹೋಗುವ ದಾರಿ ಅದೊಂದೇ ಎನ್ನುತ್ತಿದ್ದರು. ಕೊನೆಗೆ ಮೋಟರ್‌ಹೋಮಿನ ಹಿಂಬದಿಯಲ್ಲಿ ಕಾರಿನ ದೀಪದ ವೈರು ಸಿಕ್ಕಿಸುವ ಸಾಕೆಟ್ಟಿನ ಮುಚ್ಚಳ ತೆರೆದೆ. ಅರ್ಥ್ ಪಿನ್ನಿನ ಮೇಲೆ ಗಟ್ಟಿಯಾಗಿ ಒಣಗಿದ ಕುಂಕುಮ, ಸುತ್ತ ಹಸಿರು ಕಿಲುಬು.

ಹೋದ ಅಕ್ಟೋಬರಿನ ಆಯುಧಪೂಜೆ, ಅವರ ಕೊನೆಯದು. ಸ್ಟೀರಿಂಗಿಗೆ, ಟೈರಿಗೆ, ಬ್ಯಾಟರಿಗೆ ಇಟ್ಟುಕೊಂಡು ಬಂದವರು ಇದನ್ನೂ ಬಿಟ್ಟಿರಲಿಲ್ಲ. “ಏನ್ರೀ, ಸಾಕೆಟ್ಟಿನ ಬಾಯಿಗೂ ಕುಂಕುಮಾನಾ?” ಎಂದು ರೇಗಿದ್ದೆ. “ಕೆಲ್ಸ ಮಾಡೋದೆಲ್ಲ ಆಯುಧಾನೇ ಕಣೇ” ಎಂದು ನಕ್ಕಿದ್ದರು. ನೀರಲ್ಲಿ ಕಲಸಿದ ಕುಂಕುಮ ಮೆತ್ತಿದರೆ ಪಿನ್ನಿಗೆ ಕಿಲುಬು ಹಿಡಿಯುತ್ತದೆಂದು ಅಂಥ ಎಂಜಿನಿಯರಿಗೆ ತಿಳಿಯದೇ! ಪೂಜೆ ಅಂದರೆ ಸಾಕು, ಬುದ್ಧಿಗೆ ಬೀಗ. ಬೈದೆ, ಬಾಯಿಗೆ ಬಂದಂತೆ ಬೈದೆ. ಬೈಯುತ್ತ ಬೈಯುತ್ತಲೇ ಅಳು ಒತ್ತರಿಸಿಕೊಂಡು ಬಂತು. ಅದು ಅವರ ಬೆರಳು ಒತ್ತಿದ ಕುಂಕುಮ. ಅವರ ಬೆರಳಿನದು ಅಂತ ನನಗೆ ಇನ್ನೇನೂ ಉಳಿದಿರಲಿಲ್ಲ.

ಕೆರೆದೆ. ಸಣ್ಣ ಅರದಿಂದ, ಪಿನ್ನು ಹೊಳೆಯುವವರೆಗೂ ಕೆರೆದೆ. ಕೆಂಪು ಪುಡಿ ಡ್ರೈವ್‌ವೇ ಮೇಲೆ ಉದುರಿ ಗಾಳಿಗೆ ಹೋಯಿತು. ಪ್ಲಗ್ ಸಿಕ್ಕಿಸಿ, ಕಾರಿನ ಹಿಂದೆ ಹೋಗಿ ನಿಂತು, ಒತ್ತು ಎಂದು ಕೂಗಿದೆ. ಮೋಟರ್‌ಹೋಮಿನ ಡ್ರೈವರ್ ಸೀಟಿನಲ್ಲಿದ್ದ ಮಗಳು ಬ್ರೇಕ್ ಒತ್ತಿದಳು. ಎರಡೂ ದೀಪ ಕೆಂಪಗೆ ಹತ್ತಿದವು. ಮಿಣುಕಲಿಲ್ಲ.

“ಅಮ್ಮಾ, ಈಸ್ ಇಟ್ ಆನ್?”

ಹೌದು ಎಂದರೆ ಹೊರಡಬೇಕು.

“ಇಲ್ಲ ಪುಟ್ಟಾ,” ಎಂದೆ. “ಬ್ರೇಕ್ ಮೇಲಿಂದ ಕಾಲು ತೆಗೀಬೇಡ.”